ದುರ್ಬೀನಿನ ಮೇಲಿನ ಆ ಎರಡು ಅಂಕಿ: ಬಿಸಿಲ ನಾಡಿನಲ್ಲಿ ಚಿಗರಿ, ಹಕ್ಕಿ ನೋಡುವವರಿಗೆ

ಜನವರಿಯ ಒಂದು ಬೆಳಗ್ಗೆ, ಏಳು ಗಂಟೆ ಇರಬೇಕು. ಬೀದರ್ ಹತ್ತಿರದ ಒಂದು ಹೊಲದ ಬದುವಿನ ಮೇಲೆ ನಿಂತು ಚಿಗರಿ ನೋಡುತ್ತಿದ್ದೆ. ಪುಸ್ತಕದವರು ಕೃಷ್ಣಮೃಗ ಅನ್ನುತ್ತಾರೆ, ನಮ್ಮ ಕಡೆ ಅದು ಚಿಗರಿಯೇ. ತೊಗರಿ ಕೊಯ್ದು ಖಾಲಿಯಾಗಿದ್ದ ಹೊಲದಲ್ಲಿ ಆರೇಳು ಹೆಣ್ಣು, ಒಂದು ಕರಿ ಗಂಡು. ಹೊಲದ ಕಾಕಾ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನನ್ನ ಪಕ್ಕ ಬಂದು ನಿಂತರು.

"ಏನ್ ತಮ್ಮಾ, ದುರ್ಬೀನಾ ಅದು? ಕೊಡು, ನಾನೂ ನೋಡ್ತೀನಿ."

ಕೊಟ್ಟೆ. ಎರಡು ನಿಮಿಷ ಕಣ್ಣಿಗೆ ಒತ್ತಿಕೊಂಡು ನೋಡಿದರು. ಆಮೇಲೆ ಬೇಸರದಿಂದ ವಾಪಸ್ ಕೊಟ್ಟರು. "ಎಲ್ಲಾ ಮಸಕ ಮಸಕ ಆಗ್ಯಾದ. ನನ್ನ ಕಣ್ಣಿಗಿ ಇದು ಒಗ್ಗಲ್ಲ ಬಿಡು."

"ತಡೀರಿ ಕಾಕಾ," ಅಂದೆ. ಎರಡು ಕೊಳವೆಗಳನ್ನು ಅವರ ಕಣ್ಣಿನ ಅಳತೆಗೆ ಹತ್ತಿರ ತಂದೆ. ಬಲಗಡೆ ಲೆನ್ಸಿನ ಮುಂದೆ ನನ್ನ ಅಂಗೈ ಹಿಡಿದು, ಎಡಗಣ್ಣಿನಿಂದ ಮಾತ್ರ ನೋಡಿ ನಡುವಿನ ಚಕ್ರ ತಿರುಗಿಸಲು ಹೇಳಿದೆ. ಚಿಗರಿ ಸ್ಪಷ್ಟವಾದ ಮೇಲೆ ಕೈ ಬದಲಿಸಿ ಎಡಗಡೆ ಮುಚ್ಚಿದೆ. ಈಗ ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಮೂರನೇ ಗೆರೆಗೆ ಬಂದಾಗ ಕಾಕಾ ಒಮ್ಮೆಲೇ ಉಸಿರು ಹಿಡಿದರು.

"ಅರೇ! ಕಣ್ಣಿನ ಸುತ್ತ ಬೆಳ್ಳಗ ಬಳಿ ತೊಟ್ಟಂಗ ಅದಲ್ಲಾ!"

ಚಿಗರಿಯ ಕಣ್ಣಿನ ಸುತ್ತ ಬಿಳಿ ಉಂಗುರ ಇರುತ್ತದೆ. ಹುಟ್ಟಿದಾಗಿನಿಂದ ಇದೇ ಹೊಲದಲ್ಲಿ ಚಿಗರಿ ನೋಡಿದವರು ಅದನ್ನು ಅವತ್ತು ಮೊದಲ ಸಲ ನೋಡಿದರು. ನಾನು ದುರ್ಬೀನು ಬದಲಿಸಲಿಲ್ಲ, ಒಂದು ಬಳೆ ತಿರುಗಿಸಿದೆ ಅಷ್ಟೇ. ಅವರ ಬಲಗಣ್ಣು ಎಡಗಣ್ಣಿಗಿಂತ ಸ್ವಲ್ಪ ಮಂದ. ಆ ಬಳೆ ಇರುವುದೇ ಅಂಥ ವ್ಯತ್ಯಾಸ ಸರಿಮಾಡಲು.

ಅವತ್ತಿನಿಂದ ನನಗೆ ಇದನ್ನು ಬರೆಯಬೇಕು ಅನಿಸುತ್ತಿದೆ. ದುರ್ಬೀನು ಕೊಳ್ಳಬೇಕು ಅಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ದೂರ ಕಾಣುತ್ತೆ?" ಕೇಳಬೇಕಾದ ಪ್ರಶ್ನೆ ಬೇರೆ. ಎಷ್ಟು ಬೆಳಕು ಕಣ್ಣಿಗೆ ತಲುಪುತ್ತೆ, ಚಿತ್ರ ಎಷ್ಟು ಅಲುಗಾಡದೆ ನಿಲ್ಲುತ್ತೆ? ಕಲಬುರಗಿ, ಬೀದರ್, ಯಾದಗಿರಿಯಂಥ ಬಿಸಿಲು ಮತ್ತು ಧೂಳಿನ ನಾಡಿನಲ್ಲಂತೂ ಈ ಎರಡೇ ಮುಖ್ಯ.

ಶುರುಮಾಡುವ ಮೊದಲು ಬೇಟೆಯ ಮಾತು ಮುಗಿಸಿಬಿಡುತ್ತೇನೆ. ಹೊರದೇಶದ ಕಂಪನಿಗಳು ಎಷ್ಟೋ ದುರ್ಬೀನುಗಳನ್ನು 'ಹಂಟಿಂಗ್' ಎಂಬ ಹೆಸರಿನಲ್ಲೇ ಮಾರುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿ ಬೇಟೆ ಅಪರಾಧ. ಚಿಗರಿ ಆ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಕೊಂದರೆ 3ರಿಂದ 7 ವರ್ಷದವರೆಗೆ ಜೈಲು. ಹಾಗಾಗಿ ಇಲ್ಲಿ ಮಾತಾಡುವುದು ನೋಡುವುದರ ಬಗ್ಗೆ ಮಾತ್ರ. ಆದರೆ ಬೇಟೆಗಾರರಿಗಾಗಿ ತಯಾರಾದ ದುರ್ಬೀನುಗಳಿಂದ ಕಲಿಯುವ ಒಂದು ಪಾಠ ಇದೆ, ಅದು ಮುಂದೆ ಬರುತ್ತದೆ.

8×42 ಅಂದರೆ ಏನು?

ಪ್ರತಿ ದುರ್ಬೀನಿನ ಮೈಮೇಲೆ ಎರಡು ಅಂಕಿ ಇರುತ್ತವೆ. 8×42, 10×50, 8×32 ಹೀಗೆ. ಮೊದಲಿನದು ಎಷ್ಟು ಪಟ್ಟು ಹತ್ತಿರ ತರುತ್ತದೆ ಅನ್ನುವುದು. ಎರಡನೆಯದು ಮುಂದಿನ ದೊಡ್ಡ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ.

ಚಿಗರಿ 200 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 8 ಪಟ್ಟಿನ ದುರ್ಬೀನಿನಲ್ಲಿ ಅದು 25 ಮೀಟರ್ ದೂರದಲ್ಲಿ ನಿಂತಂತೆ ಕಾಣುತ್ತದೆ. 10 ಪಟ್ಟಿನದರಲ್ಲಿ 20 ಮೀಟರ್. ಬರೀ 5 ಮೀಟರ್ ವ್ಯತ್ಯಾಸ. ಈ 5 ಮೀಟರಿಗಾಗಿ ನಾವು ಕಳೆದುಕೊಳ್ಳುವುದು ಜಾಸ್ತಿ.

ಮೊದಲನೆಯದು ಕೈ ನಡುಕ. ಎಷ್ಟೇ ಗಟ್ಟಿ ಕೈಯಾದರೂ ಸ್ವಲ್ಪ ಅಲುಗುತ್ತದೆ. ದುರ್ಬೀನು ಚಿಗರಿಯನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ನಮ್ಮ ಕೈಯ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. 8 ಪಟ್ಟಿನಲ್ಲಿ ಹೇಗೋ ತಡೆಯಬಹುದು. 10ರಲ್ಲಿ ಹೊಸಬರಿಗೆ ಕಷ್ಟ. 12 ದಾಟಿದರೆ ಸ್ಟ್ಯಾಂಡ್ ಬೇಕೇ ಬೇಕು.

ಎರಡನೆಯದು ಕಣ್ಣಿಗೆ ಸಿಗುವ ಜಾಗ. ಒಂದು ಒಳ್ಳೆಯ 8×42ರಲ್ಲಿ, ಸಾವಿರ ಮೀಟರ್ ದೂರದಲ್ಲಿ ಸುಮಾರು 130–145 ಮೀಟರ್ ಅಗಲದ ನೋಟ ಸಿಗುತ್ತದೆ. 10 ಪಟ್ಟಿನದರಲ್ಲಿ ಸಾಮಾನ್ಯವಾಗಿ 105–115 ಮೀಟರ್. ತಂತಿ ಮೇಲೆ ಕೂತ ನೀಲಕಂಠ ಹಾರಿತು ಅನ್ನಿ. ಕೂತಾಗ ಮಾಸಲು ಕಂದು, ರೆಕ್ಕೆ ಬಿಚ್ಚಿದಾಗ ಆ ನೀಲಿ! ಅದನ್ನು ಹಿಂಬಾಲಿಸಿ ಹಿಡಿಯಲು ಅಗಲ ನೋಟ ಬೇಕು. ಇಕ್ಕಟ್ಟಾದ ನೋಟದಲ್ಲಿ ಹಕ್ಕಿ ಚೌಕಟ್ಟಿನಿಂದ ಆಚೆ ಹೋಗಿಬಿಡುತ್ತದೆ, ಮತ್ತೆ ಹುಡುಕುವಷ್ಟರಲ್ಲಿ ಅದು ಪಕ್ಕದ ಹೊಲಕ್ಕೆ ಮುಟ್ಟಿರುತ್ತದೆ. ಇಲ್ಲೊಂದು ಎಚ್ಚರ: ಎರಡರ ಮೇಲೂ 8×42 ಎಂದೇ ಬರೆದಿದ್ದರೂ ಒಂದರಲ್ಲಿ 112 ಮೀಟರ್, ಇನ್ನೊಂದರಲ್ಲಿ 145 ಮೀಟರ್ ನೋಟ ಇರಬಹುದು. ಈ ಅಂಕಿಯನ್ನು ಡಬ್ಬಿ ಮೇಲೆ ಬೇರೆಯಾಗಿ ಬರೆದಿರುತ್ತಾರೆ. ಹುಡುಕಿ ಓದಿ.

ಮೂರನೆಯದು ನಮ್ಮ ಬಿಸಿಲು. ಇದನ್ನು ಹೊರಗಿನವರು ಬರೆದ ಸಲಹೆಗಳಲ್ಲಿ ನಾನು ಅಷ್ಟಾಗಿ ನೋಡಿಲ್ಲ, ಆದರೆ ನಮಗೆ ಇದೇ ದೊಡ್ಡದು. ಏಪ್ರಿಲ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಎರೆ ಹೊಲದ ಮೇಲೆ ದುರ್ಬೀನು ಹಿಡಿದು ನೋಡಿ. ದೂರದ ಜಾಲಿ ಗಿಡ ನೀರಿನಲ್ಲಿ ನಿಂತಂತೆ ತೇಲುತ್ತಿರುತ್ತದೆ. ಚಿಗರಿಯ ಕಾಲುಗಳು ಮುರಿದು ಮುರಿದು ಕಾಣುತ್ತವೆ. ಕರಿ ಮಣ್ಣು ಬಿಸಿಲನ್ನು ಹೀರಿ ಕಾಯುತ್ತದೆ. ಅದರ ಮೇಲಿನ ಗಾಳಿ ಕಾದು ಮೇಲೇಳುತ್ತದೆ, ತಣ್ಣಗಿನ ಗಾಳಿ ಕೆಳಗಿಳಿಯುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆಳಕನ್ನು ಬೇರೆ ಬೇರೆ ರೀತಿ ಬಾಗಿಸುತ್ತವೆ. ಹಾಗಾಗಿ ಚಿತ್ರ ಕುದಿಯುತ್ತದೆ. ಈ ಝಳ ಗಾಳಿಯಲ್ಲೇ ಇರುವುದು. ಮೂರು ಲಕ್ಷದ ದುರ್ಬೀನು ತಂದರೂ ಅದನ್ನು ತೆಗೆಯಲು ಆಗುವುದಿಲ್ಲ. ಹೆಚ್ಚು ಪಟ್ಟಿನದು ಆ ಕುದಿತವನ್ನೇ ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ನಮ್ಮ ಬಯಲಿನಲ್ಲಿ 8 ಪಟ್ಟು ಸಾಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಝಳಕ್ಕೆ ಇರುವ ಮದ್ದು ಬೇರೆ. ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆಯೊಳಗೆ ನೋಡಿ ಮುಗಿಸಬೇಕು. ಆಗದಿದ್ದರೆ ಸ್ವಲ್ಪ ಎತ್ತರಕ್ಕೆ ಹೋಗಬೇಕು, ಕೆರೆ ಏರಿ, ದಿಬ್ಬ, ಯಾವುದಾದರೂ ಸರಿ. ನೆಲಕ್ಕೆ ಹತ್ತಿರದ ಗಾಳಿಯಲ್ಲೇ ಝಳ ಜಾಸ್ತಿ, ಮೇಲಿನಿಂದ ನೋಡಿದರೆ ಬೆಳಕು ಆ ಪದರದಲ್ಲಿ ಕಡಿಮೆ ದೂರ ಹಾಯುತ್ತದೆ.

ಎರಡನೇ ಅಂಕಿ, ಮತ್ತು ನಮ್ಮ ಕಣ್ಣಿನ ಪಾಪೆ

ದುರ್ಬೀನನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು, ಬೆಳಕಿರುವ ಆಕಾಶದ ಕಡೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಬೇಡ. ದುರ್ಬೀನಿನಿಂದ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗುತ್ತದೆ, ಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡಿ. ಕಣ್ಣಿಡುವ ಕಡೆಯ ಗಾಜಿನ ನಡುವೆ ಒಂದು ಸಣ್ಣ ಬೆಳಕಿನ ಬಿಲ್ಲೆ ಕಾಣುತ್ತದೆ. ದುರ್ಬೀನು ಒಟ್ಟುಮಾಡಿದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಬರುತ್ತದೆ.

ಅದರ ಅಗಲ ಕಂಡುಹಿಡಿಯುವುದು ಸುಲಭ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 8×42ರಲ್ಲಿ ಸುಮಾರು 5.2 ಮಿಲಿಮೀಟರ್. 10×42ರಲ್ಲಿ 4.2. 8×32ರಲ್ಲಿ 4. ಜೇಬಿಗೆ ಹಿಡಿಸುವ 8×25ರಲ್ಲಿ ಬರೀ 3.1.

ಇನ್ನು ನಮ್ಮ ಕಣ್ಣು. ಮಧ್ಯಾಹ್ನದ ಬಿಸಿಲಿಗೆ ಪಾಪೆ ಕಿರಿದಾಗಿ 2–3 ಮಿಲಿಮೀಟರಿಗೆ ಇಳಿಯುತ್ತದೆ. ಕತ್ತಲಾಗುತ್ತಾ ಅಗಲವಾಗುತ್ತದೆ. ಹರೆಯದವರಲ್ಲಿ 7ರವರೆಗೂ ಹೋಗಬಹುದು, ವಯಸ್ಸಾದಂತೆ ಅಷ್ಟು ಅರಳುವುದಿಲ್ಲ. ಅರವತ್ತು ದಾಟಿದವರಲ್ಲಿ 5ರ ಆಸುಪಾಸು ನಿಲ್ಲುತ್ತದೆ.

ಈಗ ಎರಡನ್ನೂ ಜೋಡಿಸಿ ನೋಡಿ. ಹಾಡುಹಗಲು 3 ಮಿಲಿಮೀಟರ್ ಪಾಪೆಗೆ 5 ಮಿಲಿಮೀಟರ್ ಬಿಲ್ಲೆ ಕೊಟ್ಟರೂ ಒಳಗೆ ಹೋಗುವುದು 3ರಷ್ಟೇ. ಸಣ್ಣ ಬಾಯಿಯ ತಂಬಿಗೆಗೆ ದೊಡ್ಡ ಕೊಡದಿಂದ ನೀರು ಸುರಿದಂತೆ, ಉಳಿದದ್ದು ಹೊರಗೆ ಚೆಲ್ಲುತ್ತದೆ. ಹಾಗಾಗಿ ಹಗಲಲ್ಲಿ 8×32ಕ್ಕೂ 8×42ಕ್ಕೂ ಬೆಳಕಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಸಂಜೆ ಆರೂವರೆಗೆ, ದನ ಮನೆಗೆ ಬರುವ ಹೊತ್ತಿನಲ್ಲಿ, ಪಾಪೆ 5ಕ್ಕೆ ಅರಳಿರುತ್ತದೆ. ಆಗ 8×25 ಮಬ್ಬು ತೋರಿಸುತ್ತದೆ, 8×42 ಇನ್ನೂ ಹತ್ತು ಹದಿನೈದು ನಿಮಿಷ ಕೆಲಸ ಮಾಡುತ್ತದೆ. ತೋಳ, ನರಿ, ಕತ್ತೆಕಿರುಬ ಹೊರಬೀಳುವುದು ಆ ಹೊತ್ತಿನಲ್ಲೇ ಅಲ್ವಾ?

ಬೇಟೆಗಾರರ ದುರ್ಬೀನಿನ ಪಾಠ ಎಂದೆನಲ್ಲ, ಅದು ಇದೇ. ಯುರೋಪಿನಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕತ್ತಲಾಗುವವರೆಗೆ ಕಾಯುವ ಬೇಟೆಗಾರರಿಗೆ 8×56 ಎಂಬ ಅಳತೆ ಇಷ್ಟ. 56ನ್ನು 8ರಿಂದ ಭಾಗಿಸಿದರೆ 7. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿಗೆ ಸರಿಯಾಗಿ ಹೊಂದುವ ಬಿಲ್ಲೆ. ಅವರೂ ಕತ್ತಲಿಗಾಗಿ ಪಟ್ಟು ಹೆಚ್ಚಿಸಿಕೊಳ್ಳಲಿಲ್ಲ, ಗಾಜಿನ ಅಗಲ ಹೆಚ್ಚಿಸಿಕೊಂಡರು. ಆದರೆ ಅದು ಒಂದು ಕೆಜಿ ದಾಟುವ ಭಾರ. ಹೊಲ ಸುತ್ತುವವರಿಗೆ ಬೇಡ. 8×42 ಸಾಮಾನ್ಯವಾಗಿ 600ರಿಂದ 800 ಗ್ರಾಂ ತೂಗುತ್ತದೆ, ಕುತ್ತಿಗೆ ತಡೆಯುವುದು ಅಷ್ಟೇ. ಅದೂ ಭಾರವಾದರೆ, ಅಥವಾ ಮಕ್ಕಳ ಕೈಗೆ ಕೊಡುವುದಾದರೆ, 8×32.

ಇನ್ನು ಬೇಟೆಗಾರರಿಗಾಗಿ ದೂರ ಅಳೆಯುವ ಲೇಸರ್ ಕೂಡಿಸಿದ ದುರ್ಬೀನುಗಳೂ ಬರುತ್ತವೆ. ಬೆಲೆ ಬಹಳ ಏರುತ್ತದೆ. ನೋಡುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಒಂದೇ ಅಂಕಿ, ಬೆಲೆ ಮಾತ್ರ ಇಪ್ಪತ್ತೈದು ಪಟ್ಟು, ಯಾಕೆ?

ಎಂಟು ಸಾವಿರಕ್ಕೂ 8×42 ಸಿಗುತ್ತದೆ, ಎರಡು ಲಕ್ಷಕ್ಕೂ 8×42 ಸಿಗುತ್ತದೆ. ಅಂಕಿ ಹೇಳುವುದು ಅಳತೆ ಮಾತ್ರ, ಒಳಗಿನ ಗಾಜಿನ ಗುಣ ಹೇಳುವುದಿಲ್ಲ.

ಒಳಗೆ ಒಂದರ ಹಿಂದೆ ಒಂದು ಗಾಜುಗಳು. ಬೆಳಕು ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವ ಪ್ರತಿ ಮೇಲ್ಮೈಯಲ್ಲೂ ಸುಮಾರು ನೂರಕ್ಕೆ 4ರಷ್ಟು ಹಿಂದಕ್ಕೆ ಚಿಮ್ಮಿ ಹೋಗುತ್ತದೆ. ಜೋಳದ ಚೀಲ ಹನ್ನೆರಡು ಕೈ ದಾಟುವಾಗ ಪ್ರತಿಯೊಬ್ಬರೂ ಒಂದೊಂದು ಸೇರು ತೆಗೆದುಕೊಂಡಂತೆ. ಅಂಥ 12 ಮೇಲ್ಮೈ ಇದ್ದರೆ ಕೊನೆಗೆ ಉಳಿಯುವುದು ನೂರಕ್ಕೆ 61ರಷ್ಟು ಬೆಳಕು. ಹೋದ ಬೆಳಕು ಸುಮ್ನೆ ಹೋಗುವುದೂ ಇಲ್ಲ, ಒಳಗೇ ಅಡ್ಡಾಡಿ ಚಿತ್ರದ ಮೇಲೆ ಬೂದಿ ಎರಚಿದಂತೆ ಮಂಕು ಕವಿಸುತ್ತದೆ.

ಇದಕ್ಕೆ ಉಪಾಯ ಗಾಜಿನ ಮೇಲೆ ಬಹಳ ತೆಳುವಾದ ಲೇಪ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ಇದನ್ನು ಕಂಡುಹಿಡಿದರು. ಈಗ ಹಲವು ಪದರದ ಲೇಪ ಹಾಕುತ್ತಾರೆ. ಪ್ರತಿ ಮೇಲ್ಮೈಯಲ್ಲಿ ನಷ್ಟ ನೂರಕ್ಕೆ 4ರಿಂದ 0.5ಕ್ಕೆ ಇಳಿದರೆ, ಅದೇ 12 ಮೇಲ್ಮೈ ದಾಟಿ 94ರಷ್ಟು ಬೆಳಕು ಬರುತ್ತದೆ. 61 ಎಲ್ಲಿ, 94 ಎಲ್ಲಿ! ಡಬ್ಬಿ ಮೇಲೆ 'ಫುಲ್ಲಿ ಮಲ್ಟಿಕೋಟೆಡ್' ಎಂದಿದ್ದರೆ ಎಲ್ಲ ಗಾಜುಗಳ ಎಲ್ಲ ಮೈಗೂ ಹಲವು ಪದರದ ಲೇಪ ಇದೆ ಎಂದರ್ಥ. ಬರೀ 'ಕೋಟೆಡ್' ಎಂದಿದ್ದರೆ ಒಂದೆರಡಕ್ಕೆ ಮಾತ್ರ, ಅದೂ ಒಂದೇ ಪದರ. ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಮಂದ ಹಸಿರು, ನೇರಳೆ ಛಾಯೆ ಕಂಡರೆ ಲೇಪ ಇದೆ. ಬೆಳ್ಳಗೆ ಕಣ್ಣು ಕುಕ್ಕಿದರೆ ಇಲ್ಲ.

ಕೆಂಪಗೆ ಮಿನುಗುವ ಗಾಜಿನ ದುರ್ಬೀನು ಕಂಡರೆ ಕೊಳ್ಳಲೇಬೇಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಜಾತ್ರೆಯಲ್ಲಿ ಅಂಥದ್ದೊಂದನ್ನು ತಂದಿದ್ದೆ. '30×60' ಎಂದು ದೊಡ್ಡದಾಗಿ ಬರೆದಿತ್ತು. ಗಾಜು ನಮ್ಮ ಗಡಿಯಾರದ ಮುಖದಷ್ಟೂ ಅಗಲ ಇರಲಿಲ್ಲ, ಮತ್ತೆ 60 ಮಿಲಿಮೀಟರ್ ಎಲ್ಲಿಂದ ಬರಬೇಕು? ಆ ಕೆಂಪು ಲೇಪ ಕೆಂಪು ಬೆಳಕನ್ನೇ ಹೊರಕ್ಕೆ ಚಿಮ್ಮಿಸಿಬಿಡುತ್ತದೆ, ಹಾಗಾಗಿ ಒಳಗೆ ಎಲ್ಲವೂ ಹಸಿರುಗಟ್ಟಿ ಕಾಣುತ್ತದೆ. ಟಿಟ್ಟಿಭದ ಕಣ್ಣಿನ ಹತ್ತಿರದ ಕೆಂಪು ಚರ್ಮ ಅದರಲ್ಲಿ ನನಗೆ ಕಂದಾಗಿ ಕಂಡಿತ್ತು. ಅಪ್ಪನಿಗೆ ಕಾಡಿ ಬೇಡಿ ಕೊಡಿಸಿಕೊಂಡ ದುಡ್ಡು ಅದು. ಆ ಸಂಕಟ ಇನ್ನೂ ನೆನಪಿದೆ. '30×60', '50×50', ಜೂಮ್ ಆಗುತ್ತೆ, ರಾತ್ರಿಯೂ ಕಾಣುತ್ತೆ ಎಂದು ಮಾರುವ ಅಗ್ಗದ ಮಾಲು ಎಲ್ಲವೂ ಇದೇ ಜಾತಿ. ಮಾಮೂಲಿ ದುರ್ಬೀನು ಇರುವ ಬೆಳಕನ್ನು ಒಟ್ಟುಮಾಡುತ್ತದೆ ಅಷ್ಟೇ, ಕತ್ತಲಲ್ಲಿ ಬೆಳಕು ಹುಟ್ಟಿಸುವುದಿಲ್ಲ.

ಇನ್ನು ಪ್ರಿಸಂ. ಎರಡು ಲೆನ್ಸ್ ಮಾತ್ರ ಇದ್ದರೆ ಚಿಗರಿ ತಲೆಕೆಳಗಾಗಿ ಕಾಣುತ್ತಿತ್ತು. ಅದನ್ನು ನೆಟ್ಟಗೆ ಮಾಡುವುದು ಪ್ರಿಸಂ. ಇದರಲ್ಲಿ ಎರಡು ಬಗೆ. ಸೊಂಟ ಅಗಲವಾಗಿ, ಕೊಳವೆ ಮಧ್ಯದಲ್ಲಿ ಮೆಟ್ಟಿಲಿನಂತೆ ಬಾಗಿದ್ದರೆ ಅದು ಪೊರ್ರೋ. ಇಟಲಿಯ ಇಗ್ನಾಜಿಯೋ ಪೊರ್ರೋ 1854ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸ. ಅದನ್ನು ಬಳಸಿ 1894ರಲ್ಲಿ ಜೈಸ್ ಕಂಪನಿ ದುರ್ಬೀನು ಮಾರಾಟಕ್ಕೆ ತಂದಿತು. ಕೊಳವೆ ಎರಡೂ ನೆಟ್ಟಗೆ ಇದ್ದರೆ ಅದು ರೂಫ್ ಪ್ರಿಸಂ.

ರೂಫ್ ಪ್ರಿಸಂ ನೋಡಲು ಅಚ್ಚುಕಟ್ಟು, ಆದರೆ ಅದರೊಳಗೆ ಬೆಳಕು ಮನೆಯ ಮಾಳಿಗೆಯಂಥ ಅಂಚಿನಲ್ಲಿ ಎರಡು ಭಾಗವಾಗಿ ಮತ್ತೆ ಕೂಡುತ್ತದೆ. ಕೂಡುವಾಗ ಎರಡರ ನಡುವೆ ಚೂರು ತಾಳ ತಪ್ಪುತ್ತದೆ. ಭಜನೆಯಲ್ಲಿ ಒಂದು ಸಾಲಿನವರು ಅರ್ಧ ತಾಳ ಹಿಂದೆ ಬಿದ್ದರೆ ಹಾಡು ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ. ಹಾಗೆಯೇ ಚಿತ್ರ ಕಾಣುತ್ತದೆ, ಆದರೆ ಗರಿಯ ಗೆರೆ ಬಿಡಿಸಿ ಕಾಣುವುದಿಲ್ಲ. ಈ ತಾಳ ಸರಿಮಾಡುವ 'ಫೇಸ್ ಕೋಟಿಂಗ್' 1988ರಲ್ಲಿ ಬಂತು. ರೂಫ್ ಪ್ರಿಸಂ ದುರ್ಬೀನು ಕೊಳ್ಳುವುದಾದರೆ ಫೇಸ್ ಕೋಟಿಂಗ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ಪೊರ್ರೋಗೆ ಈ ತೊಂದರೆಯೇ ಇಲ್ಲ. ಅದಕ್ಕೇ ಕಡಿಮೆ ದುಡ್ಡಿನಲ್ಲಿ ಪೊರ್ರೋ ಚಿತ್ರವೇ ಚೆನ್ನ.

ಹಾಗಾದರೆ ಎಲ್ಲರೂ ಪೊರ್ರೋ ಕೊಳ್ಳಬಹುದಲ್ಲ? ಇಲ್ಲಿ ನಮ್ಮ ಧೂಳು ಅಡ್ಡ ಬರುತ್ತದೆ. ಸಾಮಾನ್ಯ ಪೊರ್ರೋದಲ್ಲಿ ಫೋಕಸ್ ಮಾಡುವಾಗ ಕಣ್ಣಿನ ಕಡೆಯ ಕೊಳವೆಗಳು ಹಿಂದೆ ಮುಂದೆ ಸರಿಯುತ್ತವೆ. ಪ್ರತಿ ಸಲ ಸರಿದಾಗ ತಿದಿಯಂತೆ ಹೊರಗಿನ ಗಾಳಿ ಎಳೆದುಕೊಳ್ಳುತ್ತವೆ, ಗಾಳಿಯ ಜೊತೆ ಧೂಳು. ಶಹಾಬಾದ್, ಸೇಡಂ ಕಡೆಯ ಕಲ್ಲು ಗಣಿ, ಸಿಮೆಂಟ್ ಧೂಳು ಗೊತ್ತಲ್ಲ. ನನ್ನ ಮೊದಲ ಪೊರ್ರೋದೊಳಗೆ ಮೂರನೇ ಬೇಸಿಗೆಗೆ ಹಿಟ್ಟು ಜರಡಿ ಹಿಡಿದಂತೆ ಧೂಳು ಕೂತಿತ್ತು. ರೂಫ್ ಪ್ರಿಸಂನಲ್ಲಿ ಫೋಕಸ್ ಗಾಜು ಒಳಗೇ ಸರಿಯುತ್ತದೆ, ಹೊರಗಿನ ಮೈ ಪೂರ್ತಿ ಮುಚ್ಚಿರುತ್ತದೆ. ಒಳಗೆ ನೈಟ್ರೋಜನ್ ತುಂಬಿದ್ದರೆ ಮಳೆಗಾಲದಲ್ಲಿ ಆವಿಯೂ ಕಟ್ಟುವುದಿಲ್ಲ.

ನನ್ನ ಅಭಿಪ್ರಾಯ ಹೀಗೆ. ಕೈಯಲ್ಲಿ 6ರಿಂದ 12 ಸಾವಿರ ಇದ್ದರೆ ಒಳ್ಳೆ ಹೆಸರಿನ ಕಂಪನಿಯ 8×40 ಅಥವಾ 8×42 ಪೊರ್ರೋ ತಗೊಳ್ಳಿ. ನಿಕಾನ್, ಒಲಿಂಪಸ್ ಎರಡರಲ್ಲೂ ಇಂಥವು ಬಂದಿವೆ. ಬಳಸದಾಗ ಚೀಲದೊಳಗೆ ಮುಚ್ಚಿಡಿ. ಅದೇ ದುಡ್ಡಿಗೆ ಸಿಗುವ ರೂಫ್ ಪ್ರಿಸಂನಲ್ಲಿ ಎಲ್ಲೋ ಒಂದು ಕಡೆ ಕಡಿತ ಮಾಡಿರುತ್ತಾರೆ. 15ರಿಂದ 30 ಸಾವಿರದವರೆಗೆ ಹೋಗಬಲ್ಲಿರಾದರೆ ಫೇಸ್ ಕೋಟಿಂಗ್ ಇರುವ, ನೀರು ಹೊಗದ ರೂಫ್ ಪ್ರಿಸಂ 8×42. ಇದು ಹತ್ತು ಹದಿನೈದು ವರ್ಷ ಬಾಳುತ್ತದೆ. ಅದಕ್ಕೂ ಮೇಲೆ ಹೋದರೆ 'ಇಡಿ' (ED) ಎಂಬ ಗಾಜು ಸಿಗುತ್ತದೆ. ಬೆಳ್ಳನೆ ಆಕಾಶದ ಮುಂದೆ ಕಪ್ಪು ನೀರುಕಾಗೆ ಕೂತರೆ ಸಾಮಾನ್ಯ ಗಾಜಿನಲ್ಲಿ ಅದರ ಅಂಚಿಗೆ ನೇರಳೆ ಗೆರೆ ಹತ್ತುತ್ತದೆ. ಇಡಿ ಗಾಜು ಅದನ್ನು ಕಡಿಮೆ ಮಾಡುತ್ತದೆ. ಲಕ್ಷ ದಾಟಿದ ಜೈಸ್, ಲೈಕಾ, ಸ್ವರೋವ್‌ಸ್ಕಿ ನಿಜಕ್ಕೂ ಅದ್ಭುತ. ಆದರೆ 10 ಸಾವಿರದಿಂದ 30 ಸಾವಿರಕ್ಕೆ ಹೋದಾಗ ಕಣ್ಣಿಗೆ ಕಾಣುವ ಜಿಗಿತ, 30 ಸಾವಿರದಿಂದ 2 ಲಕ್ಷಕ್ಕೆ ಹೋದಾಗ ಕಾಣುವುದಿಲ್ಲ.

ಕನ್ನಡಕ ಹಾಕುವವರು ಇನ್ನೊಂದು ಅಂಕಿ ನೋಡಬೇಕು. 'ಐ ರಿಲೀಫ್' ಎಂದು ಬರೆದಿರುತ್ತಾರೆ. ಪೂರ್ತಿ ಚಿತ್ರ ಕಾಣಬೇಕಾದರೆ ಕಣ್ಣನ್ನು ಗಾಜಿನಿಂದ ಹೆಚ್ಚೆಂದರೆ ಎಷ್ಟು ದೂರ ಇಡಬಹುದು ಅನ್ನುವ ಅಳತೆ. ಅದು 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕನ್ನಡಕ ಅಡ್ಡ ಬಂದು ಕೊಳವೆಯೊಳಗಿಂದ ನೋಡಿದಂತೆ ಸುತ್ತ ಕಪ್ಪು ಕವಿಯುತ್ತದೆ. 16–18 ಇದ್ದರೆ ಆರಾಮ. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕನ್ನಡಕದವರು ಕೆಳಗಿಳಿಸಿಕೊಳ್ಳಬೇಕು, ಕನ್ನಡಕ ಇಲ್ಲದವರು ಮೇಲೇರಿಸಿಕೊಳ್ಳಬೇಕು. ಎಷ್ಟೋ ಜನಕ್ಕೆ ಆ ಬಟ್ಟಲು ತಿರುಗುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ.

ಕೊಳ್ಳುವ ಮೊದಲು, ಕೊಂಡ ಮೊದಲ ದಿನ

ನಮ್ಮ ಜಿಲ್ಲೆಗಳಲ್ಲಿ ಹತ್ತು ಮಾಡೆಲ್ ಜೋಡಿಸಿಟ್ಟು ತೋರಿಸುವ ಅಂಗಡಿ ಸಿಗುವುದು ಕಷ್ಟ. ಹೈದರಾಬಾದಿಗೆ ಹೋಗುವ ಕೆಲಸ ಇದ್ದರೆ ಅಲ್ಲಿ ಕೈಯಲ್ಲಿ ಹಿಡಿದು ನೋಡಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷೆ ಮುಗಿಸಬೇಕು. ಡಬ್ಬಿ ಬಂದ ಸಂಜೆಯೇ ಹೊರಗೆ ಹೋಗಿ.

ಬೀದರಿನವರಿಗೆ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಜಾಗ ಬೇಡ: ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ. ಉಳಿದಿರುವ ಮಿನಾರಿನ ಮೇಲೆ ಹಳೆಯ ಬಣ್ಣದ ಹೆಂಚಿನ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ರಸ್ತೆಯ ಆಚೆ ನಿಂತು ಆ ನೀಲಿಯನ್ನು ದುರ್ಬೀನಿನಲ್ಲಿ ನೋಡಿ, ಆಮೇಲೆ ಬರಿಗಣ್ಣಿನಿಂದ ನೋಡಿ. ಬಣ್ಣ ಹಳದಿಗೋ ಹಸಿರಿಗೋ ತಿರುಗಿದೆಯೇ? ಒಂದು ಬಿಲ್ಲೆಗೂ ಇನ್ನೊಂದಕ್ಕೂ ನಡುವಿನ ಸಂದು ಬಿಡಿಸಿ ಕಾಣುತ್ತದೆಯೇ? ಚಿತ್ರದ ನಡುವೆ ಮಾತ್ರ ಸ್ಪಷ್ಟವಿದ್ದು ಅಂಚಿಗೆ ಹೋದಂತೆ ಕಲಸಿಹೋಗುತ್ತದೆಯೇ? ಅಂಚು ಸ್ವಲ್ಪ ಮಸುಕಾಗುವುದು ಸಹಜ, ಅರ್ಧ ಚಿತ್ರವೇ ಮಸುಕಾದರೆ ವಾಪಸ್ ಕೊಡಿ. ಕಲಬುರಗಿಯವರು ಕೋಟೆಯೊಳಗಿನ ಜಾಮಿ ಮಸೀದಿಯ ಗುಮ್ಮಟದ ಅಂಚನ್ನು ಆಕಾಶದ ಎದುರು ನೋಡಬಹುದು. ಅಂಚಿಗೆ ಹತ್ತುವ ನೇರಳೆ ಗೆರೆ ಅಲ್ಲಿ ಬೇಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿವೆಯೇ ಅನ್ನುವುದು. ದೂರದ ಕರೆಂಟ್ ತಂತಿಯನ್ನು ನೋಡುತ್ತಾ ದುರ್ಬೀನನ್ನು ನಿಧಾನಕ್ಕೆ ಕಣ್ಣಿನಿಂದ ನಾಲ್ಕು ಬೆರಳು ಹಿಂದಕ್ಕೆ ತನ್ನಿ. ಎಡಗಡೆ ತಂತಿ ಮೇಲೆ, ಬಲಗಡೆ ತಂತಿ ಕೆಳಗೆ ಕಂಡರೆ ಒಳಗೆ ಜೋಡಣೆ ತಪ್ಪಿದೆ. ಅಂಥದ್ದರಲ್ಲಿ ಹತ್ತು ನಿಮಿಷ ನೋಡಿದರೆ ಕಣ್ಣು ಎಳೆದಂತಾಗಿ ತಲೆ ನೋಯುತ್ತದೆ. ಎಷ್ಟೇ ಅಗ್ಗವಾದರೂ ಇಟ್ಟುಕೊಳ್ಳಬೇಡಿ.

ಆಮೇಲೆ ಕಾಕಾನಿಗೆ ಮಾಡಿದೆನಲ್ಲ, ಆ ಬಳೆಯ ಹೊಂದಾಣಿಕೆ ನಿಮಗೂ ಮಾಡಿಕೊಳ್ಳಿ. ಎಷ್ಟನೇ ಗೆರೆ ನಿಮ್ಮದು ಅಂತ ನೆನಪಿಡಿ. ಮನೆಯವರು ಬಳಸಿ ತಿರುಗಿಸಿದ್ದರೂ ಮತ್ತೆ ಅಲ್ಲಿಗೇ ತಂದುಕೊಳ್ಳಬಹುದು.

ಹಿಡಿಯುವ ರೀತಿಗೂ ಅಭ್ಯಾಸ ಬೇಕು. ಮೊಣಕೈ ರೆಕ್ಕೆಯಂತೆ ಆಚೆ ಚಾಚಬಾರದು, ಪಕ್ಕೆಗೆ ಒತ್ತಿಕೊಳ್ಳಬೇಕು. ಬೇವಿನ ಮರ ಇದ್ದರೆ ಒರಗಿಕೊಳ್ಳಿ. ಇನ್ನು ಹಕ್ಕಿಯನ್ನು ಹುಡುಕಲು ದುರ್ಬೀನು ಆಡಿಸಬಾರದು. ಬರಿಗಣ್ಣಿನಿಂದ ಹಕ್ಕಿ ನೋಡಿ, ಕಣ್ಣನ್ನು ಅಲ್ಲೇ ನೆಟ್ಟು, ದುರ್ಬೀನನ್ನು ಕಣ್ಣಿಗೆ ತನ್ನಿ. ಮನೆ ಮಾಳಿಗೆ ಮೇಲೆ ನಿಂತು ಪಾರಿವಾಳಗಳ ಮೇಲೆ ಮೂರು ದಿನ ಹೀಗೆ ಮಾಡಿದರೆ ಕೈಗೆ ಕೂರುತ್ತದೆ.

ಧೂಳು

ಹೊಲದಿಂದ ಬಂದ ಮೇಲೆ ಅಂಗಿ ತುದಿಯಿಂದ ಗಾಜು ಒರೆಸುವವರನ್ನು ನೋಡಿದರೆ ನನ್ನ ಜೀವ ಹಿಂಡಿದಂತಾಗುತ್ತದೆ. ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಒರೆಸಿದಾಗ ಅವು ಗಾಜಿನ ಮೇಲೆ ಉಪ್ಪು ಕಾಗದದಂತೆ ಉಜ್ಜುತ್ತವೆ. ನೀವು ದುಡ್ಡು ಕೊಟ್ಟಿದ್ದೇ ಆ ಲೇಪಕ್ಕೆ, ಮೊದಲು ಹೋಗುವುದೂ ಅದೇ. ಮೊದಲು ರಬ್ಬರ್ ಬಲೂನಿನಂಥ ಬ್ಲೋವರ್‌ನಿಂದ ಗಾಳಿ ಊದಿ. ಆಮೇಲೆ ಮೆತ್ತನೆ ಕೂದಲ ಬ್ರಷ್. ಬೆರಳಿನ ಜಿಡ್ಡು ಉಳಿದಿದ್ದರೆ ಮಾತ್ರ ಲೆನ್ಸ್ ಬಟ್ಟೆ, ಎರಡು ಹನಿ ಲೆನ್ಸ್ ದ್ರವ. ವಾರಕ್ಕೊಮ್ಮೆ ಉಜ್ಜುವ ಅಗತ್ಯವೇ ಇಲ್ಲ. ನಾಲ್ಕು ಕಣ ಧೂಳು ಇದ್ದರೆ ಚಿತ್ರ ಕೆಡುವುದಿಲ್ಲ, ಗೀರು ಬಿದ್ದರೆ ಕೆಡುತ್ತದೆ. ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗಬೇಡಿ. ಒಳಗಿನ ಗ್ರೀಸು, ಅಂಟು ಎಲ್ಲ ಆ ಕಾವಿಗೆ ಕೆಡುತ್ತವೆ.

ಎಲ್ಲಿ ನೋಡಬೇಕು?

ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು, ಸುಮಾರು 135 ಚದರ ಕಿಲೋಮೀಟರ್. ಮರದ ನೆರಳಿನ ಕಾಡು, ಬೆಳಕು ಕಡಿಮೆ. ಅಲ್ಲಿಗೆ 42 ಮಿಲಿಮೀಟರ್ ಗಾಜೇ ಬೇಕು. ಅರಣ್ಯ ಇಲಾಖೆಯವರ ಅನುಮತಿ ಪಡೆದೇ ಒಳಗೆ ಹೋಗಬೇಕು. ಬೀದರಿನ ಬಯಲಿನಲ್ಲಿ ಚಿಗರಿಗೆ ಹೊಲವೇ ಮನೆ, ಅಲ್ಲಿ ರೈತರನ್ನು ಕೇಳಿಯೇ ಬದು ಹತ್ತಬೇಕು. ಬೆಳೆ ತಿನ್ನುವ ಚಿಗರಿಯನ್ನು ಸಹಿಸಿಕೊಂಡು ಇಟ್ಟುಕೊಂಡವರು ಅವರು. ಚಿಗರಿ ತಲೆ ಎತ್ತಿ ನಿಮ್ಮ ಕಡೆಯೇ ನೋಡತೊಡಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದರ್ಥ. ಅಲ್ಲೇ ನಿಂತುಬಿಡಿ. ದುರ್ಬೀನು ಇರುವುದೇ ದೂರ ನಿಲ್ಲಲಿ ಎಂದು.

ಸುರಪುರ ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹೋಗಿ. ವಲಸೆ ಹಕ್ಕಿಗಳು ಬರುವ ಕಾಲ ಅದು. ದೊಡ್ಡ ಕೆರೆ, ಹಕ್ಕಿ ದೂರ ಕೂತಿರುತ್ತವೆ. 10 ಪಟ್ಟಿನ ದುರ್ಬೀನಿಗೆ ನಮ್ಮಲ್ಲಿ ಎಲ್ಲಾದರೂ ಅರ್ಥ ಇದ್ದರೆ ಇಂಥ ಕಡೆ, ಅದೂ ಸ್ಟ್ಯಾಂಡಿನ ಮೇಲೆ ಇಟ್ಟರೆ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ ಏರಿಯ ಮೇಲೆ ಜಾಗ ಹಿಡಿಯಿರಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿ ಕಾಣುತ್ತದೆ, ಬೆನ್ನ ಬಿಸಿಲಿನಲ್ಲಿ ಬಾತಿನ ರೆಕ್ಕೆಯ ಗೆರೆಯೂ ಬಿಡಿಸಿ ಕಾಣುತ್ತದೆ.

ಕಾಕಾ ಈಗ ನಾನು ಹೋದಾಗಲೆಲ್ಲ ಕೇಳುತ್ತಾರೆ, "ದುರ್ಬೀನ್ ತಂದೀ ಏನ್ ತಮ್ಮಾ?" ಕೊಟ್ಟ ತಕ್ಷಣ ಬಲಗಡೆ ಬಳೆಯನ್ನು ಮೂರನೇ ಗೆರೆಗೆ ತಾವೇ ತಿರುಗಿಸಿಕೊಳ್ಳುತ್ತಾರೆ.